ಪೋಷಕ ಕುಟುಂಬಗಳಿಗೆ ತಮ್ಮ ಸೇವಾ ಸಂಸ್ಥೆಯನ್ನು ಅರಿತು ಆರಿಸಿಕೊಳ್ಳುವ ಹಕ್ಕು ಬೇಕು: ಆಯೋಗಕ್ಕೆ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ,
ಬೆಂಗಳೂರು.

ಇವರಿಂದ,
ರಾಜ್ಯದ ವಿವಿಧ ಜಿಲ್ಲೆಗಳ ಪೋಷಕ ಕುಟುಂಬಗಳು ಮತ್ತು ಪೋಷಕರಾಗಲು ಅರ್ಜಿ ಸಲ್ಲಿಸಿರುವವರು.

ವಿಷಯ: ಪೋಷಕತ್ವ (ಫಾಸ್ಟರ್ ಕೇರ್) ಯೋಜನೆಯಡಿ ಮಗುವನ್ನು ಸಾಕಲು ಮುಂದೆ ಬರುವ ಕುಟುಂಬಗಳಿಗೆ ತಮ್ಮನ್ನು ನೋಡಿಕೊಳ್ಳುವ ಸೇವೆಯ ಬಗ್ಗೆ ಮುಂಚಿತವಾಗಿ ಪೂರ್ಣ ಮಾಹಿತಿ, ಆಯ್ಕೆಯ ಅವಕಾಶ ಮತ್ತು ಲಿಖಿತ ಭರವಸೆ ಕೊಡಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮಲ್ಲಿ ಕೆಲವರು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬೇರೆಯವರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದೇವೆ. ಕೆಲವರು ಸಾಕಿದ ಮಗು ಮತ್ತೆ ಹೆತ್ತವರ ಮಡಿಲು ಸೇರಿದ್ದನ್ನು ಕಂಡಿದ್ದೇವೆ. ಉಳಿದವರು ಅರ್ಜಿ ಹಾಕಿ ಕಾಯುತ್ತಿದ್ದೇವೆ. ಮಗು ಮನೆಗೆ ಬಂದ ಮೇಲೆ ನಮ್ಮ ಜೊತೆ ಯಾರು ನಿಲ್ಲುತ್ತಾರೆ ಎಂಬುದು, ಮಗು ಬರುವ ಮೊದಲೇ ನಮಗೆ ಗೊತ್ತಾಗಬೇಕು. ನಮ್ಮ ಬೇಡಿಕೆಗಳೆಲ್ಲ ಇದೊಂದರಿಂದಲೇ ಹುಟ್ಟಿವೆ.

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಮೂಲತತ್ವಗಳ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು. ಅದೇ ಕಾಯ್ದೆಯ 44ನೇ ಕಲಂ ಪೋಷಕ ಕುಟುಂಬದಲ್ಲಿ ಮಗುವನ್ನು ಬೆಳೆಸುವ ದಾರಿ ತೋರಿಸಿದೆ. ಕೇಂದ್ರ ಸರ್ಕಾರ 2024ರಲ್ಲಿ ಪರಿಷ್ಕರಿಸಿದ ಮಾದರಿ ಮಾರ್ಗಸೂಚಿ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಪೋಷಕರಾಗುವ ಅವಕಾಶ ಕೊಟ್ಟಿತು. ದತ್ತು ಪಡೆಯಲು ಕಾನೂನಿನಂತೆ ಅರ್ಹವಾದ ಮಗುವನ್ನು ಸಾಕಿದ ಕುಟುಂಬವು ಹಿಂದೆ ದತ್ತಿಗಾಗಿ ಐದು ವರ್ಷ ಕಾಯಬೇಕಿತ್ತು, ಈಗ ಅದು ಎರಡು ವರ್ಷಕ್ಕೆ ಇಳಿದಿದೆ. ಇದರಿಂದ ಹೊಸ ಕುಟುಂಬಗಳು ಮುಂದೆ ಬರುತ್ತಿವೆ. ಬರುವವರ ಕೈ ಹಿಡಿಯುವ ವ್ಯವಸ್ಥೆ ಮಾತ್ರ ಅದೇ ವೇಗದಲ್ಲಿ ಬೆಳೆದಿಲ್ಲ.

ಜಿಲ್ಲೆಯಲ್ಲಿ ಈ ಯೋಜನೆಯ ಹೊಣೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ಕೆಲವು ಕಡೆ ಸ್ವಯಂಸೇವಾ ಸಂಸ್ಥೆಗಳೂ ಕುಟುಂಬಗಳನ್ನು ಗುರುತಿಸಲು, ಮನೆ ಅಧ್ಯಯನ ನಡೆಸಲು, ಆಮೇಲಿನ ಭೇಟಿಗಳಿಗೆ ಘಟಕದೊಂದಿಗೆ ಕೈಜೋಡಿಸುತ್ತವೆ. ಕುಟುಂಬವನ್ನು ಒರೆಗೆ ಹಚ್ಚುವ ಕ್ರಮ ವಿವರವಾಗಿಯೇ ಇದೆ. ಮನೆ ನೋಡುತ್ತಾರೆ, ವರಮಾನ ಕೇಳುತ್ತಾರೆ, ಆರೋಗ್ಯ ತಪಾಸಣೆ ಮತ್ತು ಪೊಲೀಸ್ ಪರಿಶೀಲನೆ ಆಗುತ್ತದೆ. ಇದೆಲ್ಲ ಆಗಲೇಬೇಕು, ಮಗುವಿನ ಸುರಕ್ಷತೆಯ ವಿಚಾರದಲ್ಲಿ ಯಾವ ರಿಯಾಯಿತಿಯನ್ನೂ ನಾವು ಕೇಳುವುದಿಲ್ಲ. ಆದರೆ ಸೇವೆ ಕೊಡುವವರು ಹೇಗಿದ್ದಾರೆ ಎಂದು ತಿಳಿಯಲು ಕುಟುಂಬಕ್ಕೆ ದಾರಿಯೇ ಇಲ್ಲ. ಒಬ್ಬ ಕಾರ್ಯಕರ್ತರ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ, ತರಬೇತಿ ಏನು, ರಾತ್ರಿ ಹೊತ್ತು ಫೋನ್ ಮಾಡಿದರೆ ಎತ್ತುವವರು ಯಾರು ಎಂದು ಕೇಳಿದರೆ, "ಮೊದಲು ಅರ್ಜಿ ಹಾಕಿ, ಆಮೇಲೆ ನೋಡೋಣ" ಎಂಬ ಉತ್ತರ ಸಿಗುತ್ತದೆ.

ಇದಕ್ಕೆ ಹೋಲಿಸಿದರೆ, ಇಂಗ್ಲೆಂಡಿನಲ್ಲಿ ಪೋಷಕರಾಗಬಯಸುವವರು ಸ್ಥಳೀಯ ಸಂಸ್ಥೆಯ ಮೂಲಕವಾದರೂ ಹೋಗಬಹುದು, ಸ್ವತಂತ್ರ ಏಜೆನ್ಸಿಯ ಮೂಲಕವಾದರೂ ಹೋಗಬಹುದು. ಆಫ್‌ಸ್ಟೆಡ್ ಎಂಬ ಸರ್ಕಾರಿ ತಪಾಸಣಾ ಸಂಸ್ಥೆ ಈ ಸೇವೆಗಳನ್ನು ಪರಿಶೀಲಿಸಿ ವರದಿಗಳನ್ನು ಪ್ರಕಟಿಸುತ್ತದೆ. ವರದಿ ಓದಿ, ನಾಲ್ಕು ಪ್ರಶ್ನೆ ಕೇಳಿ, ಆಮೇಲೆ ಕುಟುಂಬ ತೀರ್ಮಾನಿಸುತ್ತದೆ. ಅಲ್ಲಿನ ಏಜೆನ್ಸಿ ಮಾರುಕಟ್ಟೆ ಇಲ್ಲಿಗೆ ಬರಲಿ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ಹೊಣೆ ಸರ್ಕಾರದ್ದೇ ಆಗಿರಬೇಕು. ಅರಿತು ಆರಿಸುವ ಅವಕಾಶ ಮಾತ್ರ ನಮ್ಮ ರಾಜ್ಯದ ಕುಟುಂಬಗಳಿಗೂ ಬೇಕು.

ಈ ಹಿನ್ನೆಲೆಯಲ್ಲಿ ನಮ್ಮ ಬೇಡಿಕೆಗಳು ಹೀಗಿವೆ:

1. ಜಿಲ್ಲಾವಾರು ಮಾಹಿತಿ ಪತ್ರ. ರಾಜ್ಯದ 31 ಜಿಲ್ಲೆಗಳ ಘಟಕಗಳೂ ಪ್ರತಿ ವರ್ಷ ಕನ್ನಡದಲ್ಲಿ ಮಾಹಿತಿ ಪತ್ರ ಪ್ರಕಟಿಸಬೇಕು. ಜಿಲ್ಲೆಯಲ್ಲಿ ಈ ಕೆಲಸಕ್ಕೆ ಅಧಿಕೃತ ಒಪ್ಪಿಗೆ ಪಡೆದಿರುವ ಸ್ವಯಂಸೇವಾ ಸಂಸ್ಥೆಗಳು, ಅರ್ಜಿಯಿಂದ ಆದೇಶದವರೆಗೆ ಹಿಡಿಯುವ ಕಾಲ, ಒಬ್ಬ ಕಾರ್ಯಕರ್ತರು ನೋಡಿಕೊಳ್ಳುವ ಕುಟುಂಬಗಳ ಸಂಖ್ಯೆ, ಕೊಡುವ ತರಬೇತಿ, ಮಾಸಿಕ ನೆರವು ಪಾವತಿಯಾದ ದಿನಾಂಕಗಳು ಅದರಲ್ಲಿರಬೇಕು. ಕಾಯ್ದೆಯ 74ನೇ ಕಲಮಿನಂತೆ ಯಾವ ಮಗುವಿನ ಗುರುತೂ ಅದರಲ್ಲಿ ಬರಬಾರದು.

2. ಆಯ್ಕೆ ಮತ್ತು ಬದಲಾವಣೆ. ಘಟಕದ ಜೊತೆ ಸ್ವಯಂಸೇವಾ ಸಂಸ್ಥೆಯೂ ಇರುವ ಜಿಲ್ಲೆಗಳಲ್ಲಿ ಯಾರ ಮೂಲಕ ಮುಂದುವರಿಯಬೇಕೆಂದು ಕುಟುಂಬವೇ ತೀರ್ಮಾನಿಸಲಿ. ಮುಂದೆ ಆ ಸೇವೆ ಸರಿಬೀಳದಿದ್ದರೆ ಬದಲಿಸಿಕೊಳ್ಳಲು ಅವಕಾಶವಿರಲಿ. ಸೇವೆ ಬದಲಾಯಿತು ಎಂಬ ಒಂದೇ ಕಾರಣಕ್ಕೆ ಮಗುವಿನ ಮನೆ ಬದಲಾಗಬಾರದು.

3. ಎರಡೂ ಕಡೆಯ ಮುಚ್ಚಳಿಕೆ. ಮಗುವಿನ ಓದು, ಊಟ, ಆರೋಗ್ಯದ ಹೊಣೆ ಹೊರುತ್ತೇವೆಂದು ಈಗ ಮುಚ್ಚಳಿಕೆ ಬರೆದುಕೊಡುವುದು ಕುಟುಂಬ ಮಾತ್ರ. ಸೇವೆ ಕೊಡುವವರೂ ಬರೆದುಕೊಡಲಿ. ಮಗುವಿನ ಹೊಣೆ ಹೊತ್ತ ಕಾರ್ಯಕರ್ತರ ಹೆಸರು, ಮನೆಗೆ ಭೇಟಿ ಕೊಡುವ ಅವಧಿ, ಆಪ್ತಸಮಾಲೋಚನೆ ಸಿಗುವ ಜಾಗ, ಕರೆಗೆ ಉತ್ತರಿಸುವ ಗಡುವು ಎಲ್ಲವೂ ಅದರಲ್ಲಿ ನಮೂದಾಗಬೇಕು. ಸಮಿತಿಯು ಪ್ರತಿ ತಿಂಗಳೂ ಪೋಷಕ ಕುಟುಂಬದ ಪರಿಶೀಲನೆ ನಡೆಸಬೇಕೆಂದು ಕಾನೂನೇ ಹೇಳುತ್ತದೆ. ಆ ಭೇಟಿ ಫೋಟೊ ತೆಗೆದು ಸಹಿ ಹಾಕಿಸಿಕೊಂಡು ಹೋಗುವಷ್ಟಕ್ಕೆ ಮುಗಿಯಬಾರದು. ಮಗುವಿನ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡಬೇಕು, ಅದು ಹೇಳಿದ್ದನ್ನು ಬರೆದುಕೊಳ್ಳಬೇಕು.

4. ಮಗುವಿನ ಪೂರ್ಣ ಮಾಹಿತಿ. ನಮ್ಮಲ್ಲೊಂದು ಕುಟುಂಬಕ್ಕೆ ಒಂಬತ್ತು ವರ್ಷದ ಹುಡುಗ ಬಂದ. ಬರುವಾಗ ಒಂದು ಬಟ್ಟೆ ಚೀಲ, ಆದೇಶದ ಪ್ರತಿ, ಅಷ್ಟೆ. ನಾಲ್ಕನೆಯ ರಾತ್ರಿ ಅವನಿಗೆ ಫಿಟ್ಸ್ ಬಂತು. ಅವನು ಮೊದಲಿದ್ದ ಸಂಸ್ಥೆಯಲ್ಲಿ ದಿನಕ್ಕೆ ಎರಡು ಸಲ ಗುಳಿಗೆ ನುಂಗುತ್ತಿದ್ದನೆಂಬುದು ಗೊತ್ತಾಗಿದ್ದು ಆಸ್ಪತ್ರೆಯಲ್ಲಿ, ಅದೂ ಮಗುವಿನ ಬಾಯಿಂದಲೇ. ಗುಳಿಗೆ ಚೀಟಿ ಯಾವುದೋ ಕಡತದಲ್ಲಿ ಉಳಿದುಹೋಗಿತ್ತು. ಇಂಥದ್ದು ಇನ್ನೊಂದು ಮಗುವಿಗೆ ಆಗಕೂಡದು. ಆರೋಗ್ಯ, ಔಷಧಿ, ಓದು, ಮನೆಮಾತು, ಭಯಗಳು, ಇಷ್ಟಾನಿಷ್ಟ, ಒಡಹುಟ್ಟಿದವರು, ಹಿಂದೆ ಅನುಭವಿಸಿದ ಹಿಂಸೆ ಎಲ್ಲವನ್ನೂ ಕುಟುಂಬ ಒಪ್ಪಿಗೆ ಕೊಡುವ ಮೊದಲೇ ಗೋಪ್ಯತೆಯ ಷರತ್ತಿನೊಂದಿಗೆ ತಿಳಿಸಬೇಕು. ಹಾಗೆಯೇ ಕುಟುಂಬದ ಬಗ್ಗೆ ಮಗುವಿಗೂ ಅದರ ಭಾಷೆಯಲ್ಲೇ ಹೇಳಿ, ಒಂದೆರಡು ಭೇಟಿ ಮಾಡಿಸಿ, ಅದರ ಅಭಿಪ್ರಾಯ ಕೇಳಬೇಕು.

5. ತರಬೇತಿ ಮತ್ತು ಯಾವ ಹೊತ್ತಿನಲ್ಲೂ ಸಿಗುವ ನೆರವು. ಕಷ್ಟದಲ್ಲಿರುವ ಮಗುವಿಗೆ 1098 ಸಹಾಯವಾಣಿ ಇದೆ. ಆದರೆ ನಡುರಾತ್ರಿ ಮಗು ಬಾಗಿಲು ತೆಗೆದುಕೊಂಡು ಹೊರಟರೆ, ಎರಡು ದಿನ ಅನ್ನ ಮುಟ್ಟದಿದ್ದರೆ, ಆ ಮಗುವನ್ನು ಬಲ್ಲವರ ಮಾತು ಆ ಹೊತ್ತಿಗೆ ಕುಟುಂಬಕ್ಕೆ ಬೇಕು. ಪ್ರತಿ ಜಿಲ್ಲೆಯಲ್ಲೂ ಸರದಿಯ ಮೇಲೆ ಕೆಲಸ ಮಾಡುವ ಸಹಾಯದ ಸಂಖ್ಯೆ ಇರಬೇಕು. ಮಗು ಬರುವ ಮೊದಲು ತರಬೇತಿ, ಬಂದ ಮೇಲೆ ಪೋಷಕ ಕುಟುಂಬಗಳ ನಿಯಮಿತ ಸಭೆ ಕಡ್ಡಾಯವಾಗಬೇಕು.

6. ಶಾಲೆ, ಆಸ್ಪತ್ರೆಗೆ ಅಧಿಕೃತ ಪತ್ರ. ಶಾಲೆಗೆ ಹೋದರೆ ವರ್ಗಾವಣೆ ಪತ್ರ, ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆ, ಆಧಾರ್ ಕೇಳುತ್ತಾರೆ. ಆಸ್ಪತ್ರೆಯಲ್ಲಿ "ನೀವು ಮಗುವಿಗೆ ಏನಾಗಬೇಕು?" ಎನ್ನುತ್ತಾರೆ. ಆದೇಶದ ಜೊತೆಗೇ ಪೋಷಕರ ಅಧಿಕಾರವನ್ನು ಸ್ಪಷ್ಟಪಡಿಸುವ ಪತ್ರ ಕೈಗೆ ಸಿಗಬೇಕು. ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಈ ಬಗ್ಗೆ ಸುತ್ತೋಲೆ ಹೊರಡಿಸಬೇಕು.

7. ನೆರವಿನ ಹಣ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಅದು ನಿಗದಿತ ದಿನ ಖಾತೆಗೆ ಜಮಾ ಆಗಬೇಕು. ಹಾಸಿಗೆ, ಸಮವಸ್ತ್ರ, ಪುಸ್ತಕಕ್ಕೆ ಮೊದಲ ತಿಂಗಳಲ್ಲಿ ಪ್ರತ್ಯೇಕ ನೆರವು ಸಿಗಬೇಕು. ವಿಶೇಷ ಅಗತ್ಯವಿರುವ ಮಕ್ಕಳಿಗೆ ರಾಜ್ಯ ಸರ್ಕಾರ ಹೆಚ್ಚುವರಿ ಮೊತ್ತ ಕೊಡಬೇಕು.

8. ಹೆತ್ತವರ ಮತ್ತು ಒಡಹುಟ್ಟಿದವರ ಭೇಟಿ. ಮಗು ಎಂದಾದರೂ ತನ್ನ ಮನೆಗೆ ಮರಳಬಹುದು, ಮರಳಬೇಕು ಎಂಬ ಆಸೆ ಈ ಯೋಜನೆಯ ಜೀವಾಳ. ಕಾನೂನೂ ಹೆತ್ತವರ ಭೇಟಿಗೆ ಅವಕಾಶ ಕೊಟ್ಟಿದೆ, ಒಡಹುಟ್ಟಿದವರು ಆದಷ್ಟೂ ಜೊತೆಯಲ್ಲೇ ಬೆಳೆಯಬೇಕೆಂದು ಹೇಳಿದೆ. ಆದರೆ ಭೇಟಿ ನಡೆಯುವುದು ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ. ಕೂಲಿ ಬಿಟ್ಟು ಎರಡು ಬಸ್ಸು ಬದಲಿಸಿ ಬಂದ ತಾಯಿ, ಓಡಾಡುವ ಜನರ ನಡುವೆ ಮಗಳ ತಲೆ ನೇವರಿಸುತ್ತಾ ಮಾತಿಲ್ಲದೆ ಕೂತಿದ್ದನ್ನು ನಾವು ನೋಡಿದ್ದೇವೆ. ಪ್ರತಿ ಘಟಕದಲ್ಲೂ ಭೇಟಿಗೆ ಪ್ರತ್ಯೇಕ ಕೋಣೆ, ಬಡ ಹೆತ್ತವರಿಗೆ ಪ್ರಯಾಣ ಭತ್ಯೆ, ಭೇಟಿಯ ಮುಂಚೆ ಮತ್ತು ಆಮೇಲೆ ಮಗುವಿನ ಜೊತೆ ಮಾತಾಡುವ ಆಪ್ತಸಮಾಲೋಚಕರು ಇರಬೇಕು.

9. ಸಿಬ್ಬಂದಿ. ಈ ಕೆಲಸದ ಭಾರ ಹೊರುವ ರಕ್ಷಣಾಧಿಕಾರಿ (ಅಸಾಂಸ್ಥಿಕ) ಮತ್ತು ಸಾಮಾಜಿಕ ಕಾರ್ಯಕರ್ತರಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲಿದ್ದಾರೆ. ಅವರು ಬಿಟ್ಟುಹೋದಾಗಲೆಲ್ಲ ಮಗು ತನ್ನ ಕಥೆಯನ್ನು ಹೊಸಬರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ಖಾಲಿ ಹುದ್ದೆಗಳನ್ನು ತುಂಬಿ, ಅವರಿಗೆ ಸೇವಾ ಭದ್ರತೆ ಮತ್ತು ಓಡಾಟದ ಭತ್ಯೆ ಕೊಡಬೇಕು. ಅವರು ನೆಮ್ಮದಿಯಾಗಿದ್ದರೆ ಮಕ್ಕಳಿಗೂ ಒಳ್ಳೆಯದು.

10. ದಲ್ಲಾಳಿಗಳಿಗೆ ಕಡಿವಾಣ. "ಮಗು ಕೊಡಿಸುತ್ತೇವೆ" ಎಂದು ಹಣ ಕೇಳುವವರ ಬಲೆಗೆ ಮಕ್ಕಳಿಲ್ಲದ ದಂಪತಿಗಳು ಬೀಳುತ್ತಾರೆ. ಕ್ರಮ ತಪ್ಪಿಸಿ ಮಗುವನ್ನು ದತ್ತು ಕೊಡುವುದು, ಪಡೆಯುವುದು ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಡಿ ಅಪರಾಧ. ಮಗುವಿನ ಮಾರಾಟ ಮತ್ತು ಖರೀದಿಗೆ 81ನೇ ಕಲಮಿನಡಿ ಐದು ವರ್ಷದವರೆಗೆ ಕಠಿಣ ಸಜೆಯುಂಟು. ಪೋಷಕತ್ವಕ್ಕೆ ಯಾವ ಶುಲ್ಕವೂ ಇಲ್ಲ, ಪೋಷಕತ್ವ ಎಂದರೆ ದತ್ತು ಅಲ್ಲ, ಸಮಿತಿಯ ಆದೇಶವಿಲ್ಲದೆ ಮಗುವನ್ನು ಇಟ್ಟುಕೊಳ್ಳುವಂತಿಲ್ಲ ಎಂಬ ಫಲಕ ಗ್ರಾಮ ಪಂಚಾಯಿತಿ, ಅಂಗನವಾಡಿ, ಹೆರಿಗೆ ಆಸ್ಪತ್ರೆಗಳಲ್ಲಿ ಇರಬೇಕು.

11. ದೂರು ಮತ್ತು ಅಹವಾಲು. ಕುಟುಂಬದಲ್ಲಿ ಕೊರತೆ ಕಂಡರೆ ಮಗುವನ್ನು ಬೇರೆಡೆಗೆ ಕಳಿಸುವ ಅಧಿಕಾರ ಸಮಿತಿಗಿದೆ, ಅದು ಇರಬೇಕು. ಆದರೆ ತುರ್ತು ಅಪಾಯವಿಲ್ಲದ ಸಂದರ್ಭದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಿ, ಮಗುವಿನ ಮತ್ತು ಕುಟುಂಬದ ಮಾತು ಕೇಳಿ ತೀರ್ಮಾನಿಸಬೇಕು. ಸೇವೆಯ ವಿರುದ್ಧ ದೂರು ಕೊಟ್ಟ ಕುಟುಂಬಕ್ಕೆ ಅದರಿಂದ ತೊಂದರೆಯಾಗಬಾರದು.

ಮಾನ್ಯರೇ, ಬಾಲನ್ಯಾಯ ಕಾಯ್ದೆಯ 109ನೇ ಕಲಂ ಆ ಕಾಯ್ದೆಯ ಜಾರಿಯ ಮೇಲೆ ಕಣ್ಣಿಡುವ ಹೊಣೆಯನ್ನು ತಮ್ಮ ಆಯೋಗಕ್ಕೆ ಕೊಟ್ಟಿದೆ. ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆ, 2005 ವಿಚಾರಣೆ ನಡೆಸಿ ಸರ್ಕಾರಕ್ಕೆ ಶಿಫಾರಸು ಮಾಡುವ ಅಧಿಕಾರ ಕೊಟ್ಟಿದೆ. ಆದ್ದರಿಂದ ಆಯೋಗವು (ಅ) ಪೋಷಕತ್ವ ಸೇವೆಯ ಸ್ಥಿತಿಗತಿ ಕುರಿತು ಎಲ್ಲ ಜಿಲ್ಲೆಗಳಿಂದ ವರದಿ ತರಿಸಿಕೊಳ್ಳಬೇಕು, (ಆ) ಪ್ರತಿ ಕಂದಾಯ ವಿಭಾಗದಲ್ಲಿ ಪೋಷಕ ಕುಟುಂಬಗಳು, ಹೆತ್ತವರು ಹಾಗೂ ಪೋಷಕ ಮನೆಯಲ್ಲಿ ಬೆಳೆದು ದೊಡ್ಡವರಾದವರ ಅಹವಾಲು ಕೇಳಬೇಕು, (ಇ) ಮಾಹಿತಿ ಪತ್ರ ಮತ್ತು ಎರಡೂ ಕಡೆಯ ಮುಚ್ಚಳಿಕೆಯ ಮಾದರಿ ನಮೂನೆ ಸಿದ್ಧಪಡಿಸಿ, ಮುಂದಿನ ಆರ್ಥಿಕ ವರ್ಷದಿಂದಲೇ ಜಾರಿಗೆ ತರಲು ರಾಜ್ಯ ಸರ್ಕಾರಕ್ಕೆ ಶಿಫಾರಸು ಮಾಡಬೇಕು ಎಂದು ಕೋರುತ್ತೇವೆ.

ನಮ್ಮಲ್ಲಿ ಶ್ರೀಮಂತರು ಕಡಿಮೆ. ಇನ್ನೊಂದು ತಟ್ಟೆ ಹಾಕಲು ನಾವು ಹಿಂಜರಿಯುವವರಲ್ಲ. ನಮ್ಮ ನೆರೆಯವರು, ನೆಂಟರು "ನಾವೂ ಅರ್ಜಿ ಹಾಕಬಹುದಾ?" ಎಂದು ಕೇಳಿದಾಗ "ಹಾಕಿ, ನಿಮ್ಮ ಹಿಂದೆ ಸರ್ಕಾರ ನಿಂತಿರುತ್ತದೆ" ಎಂದು ಧೈರ್ಯವಾಗಿ ಹೇಳುವಂತಾಗಬೇಕು. ಹಾಗೆ ಹೇಳಲು ಆದರೆ ಬಾಲಮಂದಿರಗಳಲ್ಲಿರುವ ಇನ್ನಷ್ಟು ಮಕ್ಕಳಿಗೆ ಮನೆ ಸಿಗುತ್ತದೆ. ಈ ಮನವಿಯನ್ನು ಪುರಸ್ಕರಿಸಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.



ಸ್ಥಳ: ಬೆಂಗಳೂರು

ಇಂತಿ ತಮ್ಮ ವಿಶ್ವಾಸಿಗಳು,
ಪೋಷಕ ಕುಟುಂಬಗಳು ಮತ್ತು ಪೋಷಕತ್ವದ ಅರ್ಜಿದಾರರು

ಪ್ರತಿ: ಸರ್ಕಾರದ ಕಾರ್ಯದರ್ಶಿಗಳು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಬೆಂಗಳೂರು ಇವರಿಗೆ ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ.