ಕಲ್ಪನೆಯ ಬೆಲೆ, ಕೈಯ ಕೂಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಂಥ ನಮ್ಮ ಪೇಟೆಗಳಿಗೂ ‘ಬುಟಿಕ್’ ಬಂದಿದೆ. ಒಡತಿಯೇ ಬಣ್ಣ ಆರಿಸಿ, ಅಂಚು ಹೊಂದಿಸಿ, ರವಿಕೆಯ ಕುಸುರಿಯನ್ನು ಯೋಚಿಸಿ ಮಾರುವ ಚಿಕ್ಕ ಅಂಗಡಿಯದು. ಅದನ್ನು ಕಂಡು ಮೂಗು ಮುರಿಯುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಒಂದೇ ನಮೂನೆಯ ಬಟ್ಟೆಯನ್ನು ಮೂಟೆಗಟ್ಟಲೆ ತಂದು ಸುರಿಯುವ ದೊಡ್ಡ ಮಳಿಗೆಗಿಂತ ಒಬ್ಬರ ಬುದ್ಧಿ ದುಡಿದ ಚಿಕ್ಕ ಅಂಗಡಿ ಊರಿಗೆ ಮೇಲು. ನನ್ನ ತಕರಾರು ಬೇರೆ.

ಅಂಗಡಿಯ ಹೆಸರು ಫಲಕದಲ್ಲಿದೆ, ಒಡತಿಯ ಹೆಸರು ಚೀಟಿಯಲ್ಲಿದೆ. ನೇಯ್ದವರ ಹೆಸರೆಲ್ಲಿ?

ಇದೇ ಕರಾವಳಿಯಲ್ಲಿ ಶಿವಳ್ಳಿ, ಬ್ರಹ್ಮಾವರ, ತಾಳಿಪಾಡಿಗಳ ನೇಕಾರರು ಸಹಕಾರ ಸಂಘ ಕಟ್ಟಿಕೊಂಡು ಬದುಕಿದರು. ನಮ್ಮ ಸೆಕೆಗೆ ಹೇಳಿ ಮಾಡಿಸಿದ ಅವರ ಹಗುರ ಹತ್ತಿ ಸೀರೆಗೆ, ಉಡುಪಿ ಸೀರೆಯೆಂಬ ಹೆಸರಿನಲ್ಲಿ, 2016ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಆದರೆ ಮನ್ನಣೆ ಬರುವ ಹೊತ್ತಿಗೆ ಬಹುಪಾಲು ಮಗ್ಗಗಳು ಅಟ್ಟ ಸೇರಿದ್ದವು. ಕೂಲಿ ಹುಟ್ಟದ ಕಸುಬಿಗೆ ಮಕ್ಕಳು ಬರಲಿಲ್ಲ.

‘ಕೈಮಗ್ಗದ ಸೀರೆ ದುಬಾರಿ’ ಎನ್ನುವವರುಂಟು. ಲಾಳಿಗೆ ನೂಲು ಸುತ್ತುವುದರಿಂದ ಗಂಜಿ ಹಾಕುವವರೆಗೆ ಎಷ್ಟು ಕೈಗಳ ಎಷ್ಟು ಹೊತ್ತಿನ ದುಡಿಮೆ ಅದರಲ್ಲಿದೆ ಎಂಬುದನ್ನು ಅವರು ಲೆಕ್ಕ ಹಾಕಲಿ. ಗಾರೆಯವರು ಕೇಳಿದ ದಿನಗೂಲಿಯನ್ನು ಚಕಾರವೆತ್ತದೆ ಕೊಡುವ ನಾವು, ನೇಕಾರರ ಮುಂದೆ ಮಾತ್ರ ಚೌಕಾಸಿಗೆ ನಿಲ್ಲುತ್ತೇವೆ. ಇದು ಮಿತವ್ಯಯವಲ್ಲ, ಜಿಪುಣತನ.

ಕಾನೂನು ಇಲ್ಲವೆ? ಇದೆ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯಿದೆ 1985ರದು. ಅಪ್ಪಟ ಕೈಮಗ್ಗದ ಮಾಲನ್ನು ಗುರುತಿಸುವ ಮುದ್ರೆ 2006ರಲ್ಲಿ ಬಂತು. ಕೊಳ್ಳುವವರು ಕೇಳದಿದ್ದರೆ ಕಾಯಿದೆ ಕಪಾಟಿನಲ್ಲಿರುತ್ತದೆ, ವಿದ್ಯುತ್ ಮಗ್ಗದ ಬಟ್ಟೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುತ್ತದೆ.

ಬರಿಯ ಹೊಗಳಿಕೆಯೂ ಮಗ್ಗವನ್ನು ಉಳಿಸದು. ಘಟ್ಟದ ಮೇಲೆ, ಹೆಗ್ಗೋಡಿನ ಬಳಿ, ರಂಗಕರ್ಮಿ ಪ್ರಸನ್ನ ಅವರು ಬೆಳೆಸಿದ ‘ಚರಕ’ಕ್ಕೆ ನಾಡಿನ ಮೆಚ್ಚುಗೆಯೇನೂ ಕಡಿಮೆಯಿರಲಿಲ್ಲ. ಆದರೂ 2020ರಲ್ಲಿ ಅದು ಹಣದ ಮುಗ್ಗಟ್ಟಿಗೆ ಸಿಕ್ಕಿ ಕಂಗೆಟ್ಟಿತು. ನೇಕಾರರಿಗೆ ಬೇಕಾದುದು ಶಾಲು ಹಾರವಲ್ಲ, ಬಿಡದೆ ಬರುವ ಬೇಡಿಕೆ ಮತ್ತು ಕೈಗೆ ಬರುವ ನಗದು.

ಇಲ್ಲಿಯೇ ಚಿಕ್ಕ ಅಂಗಡಿಗೆ ದೊಡ್ಡ ಕೆಲಸವಿದೆ. ಹೊಸ ಬಣ್ಣ, ಹೊಸ ಅಂಚು ಯೋಚಿಸಬಲ್ಲ ಒಡತಿಯೂ ಕೈ ಪಳಗಿದ ನೇಕಾರರೂ ಕೂಡಿದರೆ ಮಗ್ಗ ಮತ್ತೆ ನುಡಿದೀತು. ಕಿನ್ನಿಗೋಳಿಯ ತಾಳಿಪಾಡಿ ಸಂಘದೊಡನೆ ಕದಿಕೆ ಟ್ರಸ್ಟ್ ಮಾಡುತ್ತಿರುವ ಪ್ರಯತ್ನ ಇದಕ್ಕೆ ಸಾಕ್ಷಿ.

ಆದ್ದರಿಂದ ಒಡತಿಯರಲ್ಲಿ ನನ್ನ ಕೇಳಿಕೆ ಮೂರೇ. ‘ಮಾರಿದ ಮೇಲೆ ಕೊಡುತ್ತೇವೆ’ ಎನ್ನದೆ ನಗದು ಕೊಟ್ಟು ಕೊಳ್ಳಿ; ಯಂತ್ರದ ಬಟ್ಟೆಯನ್ನು ಯಂತ್ರದ್ದೆಂದೇ ಮಾರಿ; ನಿಮ್ಮ ಹೆಸರಿನ ಪಕ್ಕದಲ್ಲಿ ನೇಯ್ದವರ ಹೆಸರನ್ನೂ ಬರೆಯಿರಿ. ವಾಚಕರಲ್ಲಿ ಒಂದೇ: ಬೆಲೆ ಕೇಳುವ ಮೊದಲು ನೇಯ್ದವರು ಯಾರೆಂದು ಕೇಳಿ. ಉತ್ತರ ಬಾರದಿದ್ದರೆ ಸೀರೆಯನ್ನು ಮಡಿಚಿಟ್ಟು ಎದ್ದುಬನ್ನಿ.