ಬೆನ್ನಿಗೆ ಕಟ್ಟಿದ ಬೆಂಡು

ಪರೀಕ್ಷೆಯ ದಿನಗಳು ಹತ್ತಿರವಾದವೆಂದರೆ ಶಾಲೆಯ ವೇಳಾಪತ್ರಿಕೆಯಲ್ಲಿ ಮೊದಲು ಬಲಿಯಾಗುವುದು ಆಟದ ಅವಧಿ. ಗಣಿತಕ್ಕೋ ವಿಜ್ಞಾನಕ್ಕೋ ಅದನ್ನು ಬಿಟ್ಟುಕೊಟ್ಟರೆ ಕೇಳುವವರಿಲ್ಲ. ಮಗನ ಅಂಕಪಟ್ಟಿಯನ್ನು ಎರಡೆರಡು ಸಲ ತಿರುವಿ ನೋಡುವ ತಂದೆ, ಅವನು ಮರ ಹತ್ತಬಲ್ಲನೆ, ನೀರಿಗೆ ಬಿದ್ದರೆ ತೇಲಬಲ್ಲನೆ ಎಂದು ವಿಚಾರಿಸುವುದು ಅಪರೂಪ.

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಂಥ ಊರನ್ನು ಈ ದೃಷ್ಟಿಯಿಂದ ನೋಡಬೇಕು. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದು ರಾಜ್ಯ, ಅನಂತರ ರಾಯಚೂರು ಜಿಲ್ಲೆ, 1997ರಲ್ಲಿ ಕೊಪ್ಪಳ ಜಿಲ್ಲೆ—ಹೀಗೆ ಆಡಳಿತದ ಹೆಸರುಗಳು ಬದಲಾದರೂ ಬಯಲುಸೀಮೆಯ ಮಕ್ಕಳ ಆಟಗಳು ಅವೇ ಆಗಿದ್ದವು. ಚಿಣಿಕೋಲು, ಲಗೋರಿ, ಹುತುತು. ನಾಗರಪಂಚಮಿಗೆ ಜೋಕಾಲಿ, ನಿಂಬೆಹಣ್ಣು ಎಸೆಯುವ ಪಂಥ. ಹುಡುಗರು ಬೆಳೆದಂತೆ ಗರಡಿಯ ಕೆಂಪು ಮಣ್ಣು. ಇವಾವುವೂ ಪಠ್ಯಕ್ರಮವೆನಿಸಿಕೊಳ್ಳಲಿಲ್ಲ. ಶಾಲೆಗೆ ಬಂದ ಅಂಗಸಾಧನೆಯೇ ಬೇರೆ. ಸಾಲಾಗಿ ನಿಲ್ಲುವುದು, ‘ಸಾವಧಾನ್’, ‘ವಿಶ್ರಾಮ್’ ಎಂಬ ಆಜ್ಞೆಗೆ ಕೈಕಾಲು ಅಲುಗಿಸುವುದು.

ಈ ಕವಾಯತಿನ ಮೂಲ ಯೂರೋಪಿನಲ್ಲಿದೆ. ಜರ್ಮನಿಯ ಗುಟ್ಸ್‌ಮುಟ್ಸ್ 1793ರಲ್ಲಿ ಎಳೆಯರ ವ್ಯಾಯಾಮವನ್ನು ಕುರಿತು ಗ್ರಂಥ ಬರೆದನು. ನೆಪೋಲಿಯನ್ನನಿಗೆ ಪ್ರಷ್ಯಾ ಸೋತ ಅವಮಾನದ ಹಿನ್ನೆಲೆಯಲ್ಲಿ ಯಾನ್ ಎಂಬವನು 1811ರಲ್ಲಿ ಬರ್ಲಿನ್ನಿನಲ್ಲಿ ತೆರೆದ ಬಯಲಿನ ವ್ಯಾಯಾಮಶಾಲೆಯನ್ನು ಆರಂಭಿಸಿದನು. ಸ್ವೀಡನ್ನಿನ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ವಿದ್ಯಾಲಯವನ್ನು ಸ್ಥಾಪಿಸಿದನು. 1814ರಲ್ಲಿ ಡೆನ್ಮಾರ್ಕಿನ ಶಾಲಾ ಕಾನೂನು ಬಾಲಕರಿಗೆ ವ್ಯಾಯಾಮವನ್ನು ವಿಧಿಸಿತು. ಇಂಗ್ಲೆಂಡಿನಲ್ಲಿ ಬೋಅರ್ ಯುದ್ಧಕ್ಕೆ ಸೇರಬಂದ ತರುಣರ ದೇಹದುರ್ಬಲತೆ ಸರಕಾರವನ್ನು ಚಿಂತೆಗೀಡುಮಾಡಿತು. 1902ರ ಶಾಲಾ ವ್ಯಾಯಾಮಕ್ರಮ ಸೈನ್ಯದ ಕವಾಯತನ್ನೇ ಹೋಲುತ್ತಿತ್ತು. 1909ರಲ್ಲಿ ಅದರ ಸ್ಥಾನಕ್ಕೆ ಸ್ವೀಡನ್ನಿನ ಪದ್ಧತಿ ಬಂದಿತು; 1933ರ ಪಠ್ಯಕ್ರಮದಲ್ಲಿ ಆಟಕ್ಕೆ ಹೆಚ್ಚಿನ ಮನ್ನಣೆ ದೊರೆಯಿತು. ಸಿಪಾಯಿಯನ್ನು ಸಿದ್ಧಪಡಿಸಲು ಹುಟ್ಟಿದ ವಿದ್ಯೆ ಮಗುವಿನ ಬಳಿಗೆ ಬರಲು ಇಷ್ಟು ಕಾಲ ಹಿಡಿಯಿತು.

ಇಂದು ಆ ದೇಶಗಳಲ್ಲಿಯೂ ಏಕರೂಪತೆ ಇಲ್ಲ. ಹಂಗೆರಿ 2012ರಿಂದ ಹಂತಹಂತವಾಗಿ ವಾರಕ್ಕೆ ಐದು ವ್ಯಾಯಾಮದ ಪಾಠಗಳನ್ನು ಜಾರಿಗೆ ತಂದಿತು. ಫ್ರಾನ್ಸಿನ ಪ್ರಾಥಮಿಕ ಶಾಲೆಗಳಲ್ಲಿ ವಾರಕ್ಕೆ ಮೂರು ಗಂಟೆ. 2022ರಿಂದ ಅದಲ್ಲದೆ ದಿನಕ್ಕೆ ಅರ್ಧ ಗಂಟೆಯ ದೈಹಿಕ ಚಟುವಟಿಕೆ. ಸ್ವೀಡನ್ 2019ರಲ್ಲಿ ಒಂಬತ್ತು ವರ್ಷಗಳ ಶಾಲಾ ಅವಧಿಗೆ ನಿಗದಿಯಾಗಿದ್ದ 500 ಗಂಟೆಗಳನ್ನು 600ಕ್ಕೆ ಏರಿಸಿತು. ಇಟಲಿಯಲ್ಲಿ ತರಗತಿಯ ಉಪಾಧ್ಯಾಯರೇ ನಡೆಸುತ್ತಿದ್ದ ವ್ಯಾಯಾಮದ ಪಾಠಕ್ಕೆ 2022ರಲ್ಲಿ ಐದನೆಯ ತರಗತಿಯಲ್ಲಿಯೂ ಮರುವರ್ಷ ನಾಲ್ಕನೆಯ ತರಗತಿಯಲ್ಲಿಯೂ ವಿಶೇಷ ಶಿಕ್ಷಕರು ಬಂದರು.

ಆದರೆ ಗಂಟೆಗಳ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಶಾಲೆ ಮುಗಿಸುವ ಮಗು ಏನನ್ನು ಮಾಡಬಲ್ಲದು? ಇಂಗ್ಲೆಂಡಿನ ಪಠ್ಯಕ್ರಮ ವ್ಯಾಯಾಮಕ್ಕೆ ಇಂತಿಷ್ಟೇ ಗಂಟೆಯೆಂದು ಕಟ್ಟು ಹಾಕಿಲ್ಲ. ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ ಮಗು ಕನಿಷ್ಠ 25 ಮೀಟರು ಈಜಬೇಕು, ನೀರಿನಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳಬೇಕು ಎನ್ನುತ್ತದೆ. ಸ್ವೀಡನ್ನಿನಲ್ಲಿ ಆರನೆಯ ತರಗತಿಯ ಕೊನೆಗೆ 200 ಮೀಟರು, ಅದರಲ್ಲಿ 50 ಮೀಟರು ಅಂಗಾತ ಈಜಬೇಕು. ಮೀನುಗಾರರ ನಾಡಾದ ಐಸ್‌ಲೆಂಡಿನಲ್ಲಿ ಶಾಲೆಯ ಮಕ್ಕಳಿಗೆ ಈಜು ಕಡ್ಡಾಯವಾದದ್ದು 1940ರಲ್ಲಿ. ಇಲ್ಲಿ ವ್ಯಾಯಾಮವೆಂದರೆ ಪ್ರಾಣರಕ್ಷಣೆಯ ವಿದ್ಯೆ.

ಬಯಲುಸೀಮೆಗೆ ಈಜೇಕೆ ಎನ್ನುವವರುಂಟು. ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿ 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಿದ್ದಿತು. ಎಡದಂಡೆ ಕಾಲುವೆ ಗಂಗಾವತಿಯ ಕಡೆಗೆ ನೀರು ಒಯ್ದಿತು. ಮಳೆಯನ್ನೇ ನಂಬಿದ ಹೊಲಗಳಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಕೃಷಿಹೊಂಡಗಳು ಕಾಣಿಸಿಕೊಂಡವು. ಬೆಳೆಗೆ ಅವು ವರವೇ ಸರಿ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಇಳಿಜಾರಿನಲ್ಲಿ ಕಾಲು ಜಾರಿದ ಮಗುವಿಗೆ ಹಿಡಿದುಕೊಳ್ಳಲು ಒಂದು ಕಲ್ಲೂ ಸಿಕ್ಕದು. ಹೊಂಡದಲ್ಲಿ ಮುಳುಗಿದ ಮಕ್ಕಳ ಸುದ್ದಿ, ಅವರನ್ನು ಎತ್ತಲು ಹಾರಿ ತಾವೂ ಹಿಂದಿರುಗದ ಅಣ್ಣ, ಅಕ್ಕ, ತಂದೆಯರ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಿಂದಿನವರಿಗೆ ಇದಕ್ಕೊಂದು ಪಾಠಶಾಲೆ ಇತ್ತು. ಮೆಟ್ಟಿಲುಬಾವಿಯಲ್ಲಿ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆ ಬುರುಡೆಯನ್ನೋ ಕಟ್ಟಿ, ಸೋದರಮಾವನೋ ದೊಡ್ಡಣ್ಣನೋ ಹುಡುಗನನ್ನು ನೀರಿಗಿಳಿಸುತ್ತಿದ್ದರು. ದಿನದಿನಕ್ಕೆ ಬೆಂಡು ಕಡಿಮೆಯಾಗಿ ಕೊನೆಗೆ ತೋಳಿನ ಬಲವೊಂದೇ ಉಳಿಯುತ್ತಿತ್ತು. ಕೊಳವೆಬಾವಿಗಳು ಬಂದವು, ತೆರೆದ ಬಾವಿಗಳು ಬತ್ತಿದವು. ಬಾವಿಯೊಡನೆ ವಿದ್ಯೆಯೂ ಹೋಯಿತು. ಹೆಣ್ಣುಮಕ್ಕಳಿಗಾದರೋ ಆ ವಿದ್ಯೆ ಅಂದೂ ಹೆಚ್ಚಾಗಿ ದಕ್ಕಲಿಲ್ಲ. ನೀರು ತರಲು, ಬಟ್ಟೆ ಒಗೆಯಲು ನೀರಿನಂಚಿಗೆ ಹೋಗುವವರು ಅವರೇ, ಈಜು ಕಲಿಯದವರೂ ಅವರೇ!

2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಬಯಲು ಇರಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ವಿಧಿಸುತ್ತದೆ. ಒಂದರಿಂದ ಐದರವರೆಗಿನ ಎಳೆಯರಿಗೆ ಅಂಥ ವಿಧಿಯಿಲ್ಲ. ಎಲ್ಲವೂ ತರಗತಿಯ ಉಪಾಧ್ಯಾಯರ ಹೊಣೆ.

ಪ್ರತಿ ಊರಿಗೂ ಈಜುಕೊಳ ಬೇಕೆನ್ನುವುದು ಹಗಲುಗನಸು. ನುರಿತವರ ಕಾವಲಿಲ್ಲದೆ ಮಕ್ಕಳನ್ನು ಕೆರೆಗೆ ಇಳಿಸುವುದು ಅಪಾಯಕರ. ಆದರೆ ಈಜಿಗೆ ಮೊದಲಿನ ಪಾಠಗಳನ್ನು ಒಣ ನೆಲದ ಮೇಲೆಯೇ ಕಲಿಸಬಹುದು. ಮುಳುಗುತ್ತಿರುವವನನ್ನು ಕಂಡೊಡನೆ ನೀರಿಗೆ ಹಾರಬಾರದು. ಕೂಗಿ ಹಿರಿಯರನ್ನು ಕರೆಯಬೇಕು. ದಡದಲ್ಲಿ ಮಲಗಿ ಹಗ್ಗ, ಬಿದಿರು ಗಳ ಅಥವಾ ಸೀರೆಯನ್ನು ಚಾಚಬೇಕು. ಬಾಯಿ ಮುಚ್ಚಿದ ಖಾಲಿ ಕೊಡವನ್ನು ಎಸೆಯಬೇಕು. ಇದಕ್ಕೆ ಬೇಕಾದದ್ದು ಆಟದ ಬಯಲಿನಲ್ಲಿ ಎಳೆದ ಎರಡು ಸುಣ್ಣದ ಗೆರೆ, ಒಂದು ಹಗ್ಗ ಮತ್ತು ವಾರಕ್ಕೊಂದು ಅವಧಿ. ಲಗೋರಿಯ ಚೆಂಡನ್ನು ಗುರಿಯಿಟ್ಟು ಎಸೆಯಬಲ್ಲ ಮಗುವಿಗೆ ಹಗ್ಗದ ತುದಿಯನ್ನು ಎಸೆಯುವುದು ಕಷ್ಟವಲ್ಲ. ನೀರಿನ ಸುರಕ್ಷತೆಯನ್ನೂ ಈಜನ್ನೂ ಶಾಲೆಯ ವಯಸ್ಸಿನ ಮಕ್ಕಳಿಗೆ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ಬೇಸಗೆಯ ರಜೆಯಲ್ಲಿ ಪಟ್ಟಣದ ಕುಟುಂಬಗಳು ಮಕ್ಕಳನ್ನು ಅಜ್ಜನ ಊರಿಗೆ ಕಳುಹಿಸುತ್ತವೆ. ಪಟ್ಟಣದ ಮಗುವಿಗೆ ಹೊಂಡದ ಆಳ ತಿಳಿಯದು. ಹಳ್ಳಿಯ ಮಗುವಿಗೆ ಅತಿಥಿಯ ಮುಂದೆ ಧೈರ್ಯ ತೋರುವ ಉತ್ಸಾಹ. ಪೆಟ್ಟಿಗೆ ಕಟ್ಟುವ ಮುನ್ನ ತಾಯಿತಂದೆಗಳು ಮಕ್ಕಳೊಡನೆ ಈ ಮಾತನ್ನು ಒಮ್ಮೆ ಆಡುವುದೊಳ್ಳೆಯದು. ಜೂನಿನಲ್ಲಿ ಶಾಲೆ ತೆರೆದಾಗ, ಆಟದ ಅವಧಿಯಲ್ಲಿ ಮಕ್ಕಳಿಗೆ ಏನು ಕಲಿಸುವಿರಿ ಎಂದು ಉಪಾಧ್ಯಾಯರನ್ನೂ ಕೇಳಬೇಕು.