ಕಡಲ ಕಾವಲಿಗೆ ಎಂಥ ವಿಮಾನ?

ಕೋಟೆಯ ಗೋಡೆ ಭದ್ರವಾಗಿದ್ದರೆ ಊರು ಸುರಕ್ಷಿತವೆಂದು ಹಿಂದಿನವರು ನಂಬಿದ್ದರು. ನೆಲದ ಗಡಿಗೆ ಈ ಮಾತು ಒಪ್ಪೀತು, ಕಡಲಿಗೆ ಒಪ್ಪದು. ಕಡಲಿನಲ್ಲಿ ಗೋಡೆ ಕಟ್ಟುವಂತಿಲ್ಲ, ಬೇಲಿ ಹಾಕುವಂತಿಲ್ಲ, ಕಲ್ಲು ನೆಟ್ಟು ಎಲ್ಲೆಯನ್ನು ಗುರುತಿಸುವಂತಿಲ್ಲ. ಅಲ್ಲಿ ಕಾವಲೆಂದರೆ ದೂರದಿಂದಲೇ ಕಾಣುವುದು, ಕಂಡದ್ದನ್ನು ಬಿಡದೆ ಹಿಂಬಾಲಿಸುವುದು, ಅನಿವಾರ್ಯವಾದಾಗ ಹೊಡೆಯುವುದು. ಹಡಗಿನ ಮೇಲೆ ನಿಂತವನ ಕಣ್ಣಿಗೆ ಕೆಲವೇ ಮೈಲಿಗಳ ನೀರು ಕಾಣುತ್ತದೆ. ಮೇಲೇರಿದಷ್ಟೂ ದಿಗಂತ ಹಿಂದೆ ಸರಿಯುತ್ತದೆ. ಆದುದರಿಂದಲೇ ಕಡಲನ್ನು ಕಾಯುವ ರಾಷ್ಟ್ರಗಳಿಗೆ ಹಡಗುಗಳಷ್ಟೇ ವಿಮಾನಗಳೂ ಅವಶ್ಯಕವಾಗಿವೆ.

ಆದರೆ ಎಂಥ ವಿಮಾನ? ಯುದ್ಧವಿಮಾನದ ಮಾತು ಬಂದೊಡನೆ ಜನ ಮೊದಲು ಕೇಳುವುದು ಅದರ ವೇಗವನ್ನು. ಬಳಿಕ ಅದು ಹೊರುವ ಬಾಂಬುಗಳ ಲೆಕ್ಕವನ್ನು. ಇವು ಕೇಳಬಾರದ ಪ್ರಶ್ನೆಗಳಲ್ಲ. ಮೊದಲು ಕೇಳಬೇಕಾದ ಪ್ರಶ್ನೆಗಳೂ ಅಲ್ಲ. ಅದು ಎಷ್ಟು ದೂರ ಹೋಗಬಲ್ಲುದು? ಅಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲುದು? ಕೆಟ್ಟರೆ ಅದನ್ನು ದುರಸ್ತಿಮಾಡುವ ಶಕ್ತಿ ಯಾರ ಕೈಯಲ್ಲಿದೆ? ಈ ಮೂರಕ್ಕೆ ಉತ್ತರ ದೊರೆತ ಮೇಲೆಯೇ ಉಳಿದುದನ್ನು ವಿಚಾರಿಸುವುದು ವಿವೇಕ.

ಎರಡನೆಯ ಮಹಾಯುದ್ಧದ ಒಂದು ಪ್ರಸಂಗ ಈ ಮಾತಿಗೆ ಸಾಕ್ಷಿಯಾಗಿದೆ. ಆಗ ಬ್ರಿಟನ್ನಿನ ಅನ್ನ, ಎಣ್ಣೆ, ಆಯುಧಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಹಡಗುಗಳಲ್ಲಿ ಬರಬೇಕಾಗಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳಿಗಾಗಿ ಹೊಂಚುಹಾಕುತ್ತಿದ್ದವು. ಎರಡೂ ದಡಗಳಿಂದ ಮತ್ತು ಐಸ್‌ಲೆಂಡಿನಿಂದ ವಿಮಾನಗಳು ಕಾವಲಿಗೆ ಹೋಗುತ್ತಿದ್ದರೂ ಸಾಗರದ ನಡುವೆ ಯಾವ ವಿಮಾನವೂ ತಲುಪದ ಒಂದು ಅಂತರ ಉಳಿದಿತ್ತು. ಜಲಾಂತರ್ಗಾಮಿಗಳು ಅಲ್ಲಿಯೇ ಗುಂಪುಗೂಡಿದವು. 1943ರ ಮಾರ್ಚ್ ತಿಂಗಳಿನಲ್ಲಿ ಕೇವಲ ಎರಡು ಹಡಗುಪಡೆಗಳಿಂದ 22 ಸರಕುಹಡಗುಗಳು ಮುಳುಗಿಹೋದವು.

ಆ ಅಂತರವನ್ನು ತಲುಪಬಲ್ಲ ವಿಮಾನ ಇರಲಿಲ್ಲವೆ? ಇತ್ತು. ಅಮೆರಿಕದಲ್ಲಿ ತಯಾರಾದ ನಾಲ್ಕು ಎಂಜಿನುಗಳ ಲಿಬರೇಟರ್ ಎಂಬ ಬಾಂಬರ್ ವಿಮಾನದಿಂದ ರಕ್ಷಾಕವಚದ ಭಾರವನ್ನು ಇಳಿಸಿ, ಬಾಂಬಿನ ಜಾಗದಲ್ಲಿ ಹೆಚ್ಚಿನ ಇಂಧನ ತುಂಬಿದರೆ ಅದು ನಡುಗಡಲನ್ನು ಮುಟ್ಟುತ್ತಿತ್ತು. ಆದರೆ ಶತ್ರುವಿನ ನೆಲದ ಮೇಲೆ ಬಾಂಬು ಸುರಿಸುವವರಿಗೂ ಅಂಥ ವಿಮಾನಗಳೇ ಬೇಕಾಗಿದ್ದವು. ಬಹುಕಾಲ ಕಡಲಿನ ಪಾಲಿಗೆ ದೊರೆತವು ಬೆರಳೆಣಿಕೆಯಷ್ಟು ಮಾತ್ರ. 1943ರ ವಸಂತದಲ್ಲಿ ಅವುಗಳ ಸಂಖ್ಯೆ ಹೆಚ್ಚಿತು. ಉತ್ತಮ ರೇಡಾರ್, ಬೆಂಗಾವಲು ನೌಕೆಗಳು, ಚಿಕ್ಕ ವಿಮಾನವಾಹಕ ಹಡಗುಗಳೂ ಜೊತೆಗೂಡಿದವು. ಮೇ ತಿಂಗಳೊಂದರಲ್ಲಿಯೇ ಜರ್ಮನಿ 41 ಜಲಾಂತರ್ಗಾಮಿಗಳನ್ನು ಕಳೆದುಕೊಂಡಿತು. ಅದರ ನೌಕಾಧಿಪತಿ ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ತನ್ನ ಪಡೆಯನ್ನು ಹಿಂದಕ್ಕೆ ಕರೆಯಿಸಿಕೊಂಡನು. ಲಿಬರೇಟರ್ ವಾಯುವೇಗದ ವಿಮಾನವಾಗಿರಲಿಲ್ಲ. ಬೇಕಾದ ಸ್ಥಳವನ್ನು ಮುಟ್ಟಿ, ಬೇಕಾದಷ್ಟು ಹೊತ್ತು ಅಲ್ಲಿರುವುದೇ ಅದರ ಹಿರಿಮೆ. ಆ ಹಂಚಿಕೆ ತಡವಾದುದಕ್ಕೆ ಬೆಲೆ ತೆತ್ತವರು ತಣ್ಣೀರಿನಲ್ಲಿ ಮುಳುಗಿದ ನಾವಿಕರು.

ಭಾರತದ ಸ್ಥಿತಿಯನ್ನು ಈ ದೃಷ್ಟಿಯಿಂದ ನೋಡಬೇಕು. ಕರಾವಳಿಯಿಂದ 200 ನಾಟಿಕಲ್ ಮೈಲಿಗಳವರೆಗಿನ, 20 ಲಕ್ಷ ಚದರ ಕಿಲೋಮೀಟರಿಗೂ ಮಿಗಿಲಾದ ಕಡಲಿನ ಸಂಪತ್ತಿನ ಮೇಲೆ ನಮ್ಮ ದೇಶಕ್ಕೆ ಹಕ್ಕಿದೆ. ಅಂಡಮಾನ್ ದ್ವೀಪಗಳು ಚೆನ್ನೈಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿವೆ. ಇಷ್ಟು ವಿಸ್ತಾರವನ್ನು ಕಾಯಲು 1976ರಲ್ಲಿ ನೌಕಾಪಡೆಗೆ ದೊರೆತದ್ದು ಒಂದು ಕಾಲಕ್ಕೆ ಪ್ರಯಾಣಿಕರನ್ನು ಸಾಗಿಸಿದ್ದ ಹಳೆಯ ಸೂಪರ್ ಕಾನ್‌ಸ್ಟಲೇಷನ್ ವಿಮಾನಗಳು. ಮರುವರ್ಷ ಸೋವಿಯತ್ ಒಕ್ಕೂಟದಿಂದ ಇಲ್ಯೂಷಿನ್-38, 1988ರಲ್ಲಿ ಟುಪೊಲೆವ್-142 ಬಂದವು. ಇವುಗಳಲ್ಲಿ ಎರಡನೆಯದು ಸಾಗರವನ್ನೇ ಅಳೆಯುವಷ್ಟು ದೂರ ಹಾರುವ ದೈತ್ಯ. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ಬಿಡಿಭಾಗಗಳಿಗಾಗಿ, ದುರಸ್ತಿಗಾಗಿ ಪರದಾಡುವ ಕಾಲ ಬಂದಿತು. ಎಷ್ಟು ದೂರ ಹಾರಬಲ್ಲ ಹಕ್ಕಿಯಾದರೇನು, ಅದರ ಗುಟುಕು ಪರರ ಕೈಯಲ್ಲಿದ್ದರೆ? 2017ರಲ್ಲಿ ಅರಕ್ಕೋಣದ ನೆಲೆಯಲ್ಲಿ ಆ ವಿಮಾನಗಳಿಗೆ ಬೀಳ್ಕೊಡುಗೆಯಾಯಿತು.

2013ರಿಂದ ಅವುಗಳ ಕೆಲಸವನ್ನು ಅಮೆರಿಕದ ಪಿ-8ಐ ವಿಮಾನಗಳು ವಹಿಸಿಕೊಂಡವು. ಅವು ನೀರಿನೊಳಗಿನ ಸದ್ದನ್ನು ಆಲಿಸುವ ತೇಲುಯಂತ್ರಗಳನ್ನು ಕಡಲಿಗೆ ಬಿಟ್ಟು ಜಲಾಂತರ್ಗಾಮಿಯ ಜಾಡು ಹಿಡಿಯುತ್ತವೆ. ಹಡಗುಗಳನ್ನು ಹೊಡೆಯುವ ಕ್ಷಿಪಣಿಗಳನ್ನೂ ಟಾರ್ಪಿಡೊಗಳನ್ನೂ ಹೊರುತ್ತವೆ. ನೆಲೆಯಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ ಹೋಗಿ, ಅಲ್ಲಿ ನಾಲ್ಕು ಗಂಟೆ ಕಾವಲಿದ್ದು ಮರಳುವ ಶಕ್ತಿ ಅವುಗಳಿಗಿದೆ. ಜಗತ್ತಿನಾದ್ಯಂತ ಪ್ರಯಾಣಿಕರನ್ನು ಹೊತ್ತು ಹಾರುವ ಬೋಯಿಂಗ್ 737ರ ಮಾದರಿಯಲ್ಲಿ ಅವುಗಳ ಒಡಲು ರಚಿತವಾಗಿರುವುದರಿಂದ ಪಾಲನೆಯೂ ಅಷ್ಟರಮಟ್ಟಿಗೆ ಸುಗಮ.

ಇದಕ್ಕೆ ಪ್ರತಿವಾದ ಇಲ್ಲದಿಲ್ಲ. ಇಂಥ ವಿಮಾನ ನಿಧಾನಗತಿಯದು. ಶತ್ರುವಿನ ಕಾದಾಟದ ವಿಮಾನಕ್ಕೆ ಸುಲಭವಾಗಿ ತುತ್ತಾದೀತು. ಆದುದರಿಂದ ವೇಗದ ಯುದ್ಧವಿಮಾನಗಳೇ ಲೇಸೆಂದು ಕೆಲವರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. 2020ರಲ್ಲಿ ತಂಜಾವೂರಿನಲ್ಲಿ ಬ್ರಹ್ಮೋಸ್ ಕ್ಷಿಪಣಿ ಹೊರುವ ಸುಖೋಯ್-30 ವಿಮಾನಗಳ ದಳ ನೆಲೆಗೊಂಡದ್ದು ಇಂಥ ವಿಚಾರದಿಂದಲೇ. ವಿಮಾನವಾಹಕ ಹಡಗುಗಳಿಗಾಗಿ 26 ರಫೇಲ್ ವಿಮಾನಗಳನ್ನು ಕೊಳ್ಳುವ ಒಪ್ಪಂದವೂ 2025ರಲ್ಲಿ ಆಯಿತು. ಆದರೆ ಬಾಣ ಎಷ್ಟೇ ಹರಿತವಾಗಿರಲಿ, ಗುರಿ ಕಾಣದೆ ಬಿಟ್ಟರೆ ಬತ್ತಳಿಕೆ ಬರಿದಾಗುವುದೇ ಲಾಭ. ವಿಶಾಲ ಕಡಲಿನಲ್ಲಿ ಗುರಿಯನ್ನು ಹುಡುಕುವ ಕಣ್ಣು ಮೊದಲು ಬೇಕು. ಹೊಡೆಯುವ ಕೈ ಅದರ ಬೆನ್ನಿಗಿರಬೇಕು. ಹಣಕ್ಕೆ ಮಿತಿಯಿರುವಾಗ ಕೈಯನ್ನು ಬಲಪಡಿಸಲು ಕಣ್ಣನ್ನು ಮಾರುವುದು ತರವಲ್ಲ.

ಇನ್ನು ಮೂರನೆಯ ಪ್ರಶ್ನೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ಕೂಡಿ ರೂಪಿಸಿದ ಜಾಗ್ವಾರ್ ವಿಮಾನವನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ ಪರವಾನಗಿ ಪಡೆದು ತಯಾರಿಸಿತು. ಕಡಲಿನ ದಾಳಿಗಾಗಿ ಮೂತಿಯಲ್ಲಿ ರೇಡಾರ್ ಇರಿಸಿದ ಜಾಗ್ವಾರ್‌ಗಳೂ ನಮ್ಮಲ್ಲಿವೆ. ಅದನ್ನು ರೂಪಿಸಿದ ಎರಡು ದೇಶಗಳೂ 2007ರ ವೇಳೆಗೆ ಅದನ್ನು ಕೈಬಿಟ್ಟವು. ಭಾರತದಲ್ಲಿ ಅದು ಆಮೇಲೂ ಹಾರಿತು. ಅದಕ್ಕೂ ಮುಪ್ಪು ಬಂದಿದೆ, ಬಿಡಿಭಾಗಗಳ ಕೊರತೆ ಅದನ್ನೂ ಕಾಡಿದೆ ಎಂಬುದು ದಿಟ. ಆದರೂ ಅದನ್ನು ಕಟ್ಟಲು, ಬಿಚ್ಚಲು, ಹೊಸ ಉಪಕರಣಗಳನ್ನು ಜೋಡಿಸಲು ನಮ್ಮ ಕೆಲಸಗಾರರು ಕಲಿತಿದ್ದರಿಂದಲೇ ಅದರ ಆಯುಸ್ಸು ಬೆಳೆಯಿತು. ಕೊಂಡ ಯಂತ್ರಕ್ಕಿಂತ ಕಲಿತ ವಿದ್ಯೆ ಬಹುಕಾಲ ಬಾಳುತ್ತದೆ.

ಎಂಟು ಪಿ-8ಐ ವಿಮಾನಗಳಿಗೆ 2009ರ ಒಪ್ಪಂದದಲ್ಲಿ ಗೊತ್ತಾದ ಬೆಲೆ ಸುಮಾರು 210 ಕೋಟಿ ಡಾಲರ್. ಅದು ರೈತನೂ ಕೂಲಿಕಾರನೂ ಬೆವರು ಸುರಿಸಿ ತೆತ್ತ ಹಣ. ಅದನ್ನು ಆಡಂಬರಕ್ಕಾಗಿ ವ್ಯಯಿಸುವ ಅಧಿಕಾರ ಯಾರಿಗೂ ಇಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ರಾಷ್ಟ್ರಕ್ಕೂ ಸಲ್ಲುತ್ತದೆ. ತನ್ನ ಕಡಲನ್ನು ಮೊದಲು ಅಳೆದು, ಆ ಅಳತೆಗೆ ತಕ್ಕ ವಿಮಾನವನ್ನು ಆಯ್ದು, ಅದನ್ನು ಪೋಷಿಸುವ ವಿದ್ಯೆಯನ್ನು ತನ್ನ ಮಕ್ಕಳಿಗೆ ಕಲಿಸಿದ ದೇಶವೇ ನಿಶ್ಚಿಂತೆಯಿಂದ ನಿದ್ರಿಸಬಲ್ಲುದು. ಇರುಳಿನಲ್ಲಿ ದೋಣಿಯೇರಿ ಮೀನಿಗೆ ಹೋದ ಬೆಸ್ತನು ಬೆಳಗಾಗುವಷ್ಟರಲ್ಲಿ ಮನೆಗೆ ಮರಳಬೇಕಾದರೆ, ಅವನಿಗೆ ಕಾಣದಷ್ಟು ದೂರದಲ್ಲಿ ಯಾರಾದರೂ ಎಚ್ಚರವಾಗಿರಲೇಬೇಕು.